ಒಂಬತ್ತು ವಾರ, ಹದಿನೆಂಟು ಮೊಳ

ಹನ್ನೂರದ ನಮ್ಮಜ್ಜಿ ಅಂಗಡಿಯವನ ಗಜಕಡ್ಡಿಯನ್ನು ಎಂದೂ ನಂಬಿದವಳಲ್ಲ. ಹೊಸ ಸೀರೆ ಮನೆಗೆ ಬಂದರೆ ಸೆರಗಿನಿಂದ ಹಿಡಿದು ಮೊಣಕೈ ಊರುತ್ತ ಅಳೆಯುತ್ತಿದ್ದಳು. ಹದಿನೆಂಟು ಮೊಳ ತುಂಬಬೇಕು. ಒಮ್ಮೆ ಸೊಲ್ಲಾಪುರದಿಂದ ತಂದ ಸೀರೆ ಹದಿನೇಳೂವರೆಗೇ ನಿಂತಿತು. ‘ನಿನ್ನ ಕೈ ಉದ್ದ ಅದ’ ಎಂದು ಮನೆಯವರೆಲ್ಲ ನಕ್ಕರು.

ಅಕ್ಕಲಕೋಟ ಸೀಮೆಯ ಕನ್ನಡ ಹೆಂಗಸರಿಗೆ ಕಚ್ಚೆ ಸೀರೆ ಮರಾಠಿಯಲ್ಲಿ ನಊವಾರಿ, ಅಂದರೆ ಒಂಬತ್ತು ವಾರ; ಮನೆಯಲ್ಲಿ ಹದಿನೆಂಟು ಮೊಳ. ವಾರಕ್ಕೆ 36 ಅಂಗುಲ, ಮೊಳಕ್ಕೆ 18. ಲೆಕ್ಕ ಒಂದೇ.

ಸ್ಪೇನಿನವರ, ಪೋರ್ಚುಗೀಸರ ಅಳತೆಗೋಲಿನ ಹೆಸರೂ ‘ವಾರಾ’. ನಮ್ಮ ವಾರಕ್ಕೂ ಪೋರ್ಚುಗೀಸರ ವಾರಾಕ್ಕೂ ಗೋವೆಯ ದಾರಿಯಲ್ಲಿ ನಂಟಿರಬೇಕೆಂದು ನನ್ನ ಗುಮಾನಿ. ಸ್ಪೇನಿನಲ್ಲಿ ಮೂರು ಪಾದಕ್ಕೆ ಒಂದು ವಾರಾ, ಬುರ್ಗೋಸ್ ಪಟ್ಟಣದ ಕೋಲೇ ಪ್ರಮಾಣ: ಸುಮಾರು 83.6 ಸೆಂಟಿಮೀಟರ್. ಹಡಗು ಹತ್ತಿ ಮೆಕ್ಸಿಕೊ, ಪೆರು ಮುಟ್ಟಿದ ಮೇಲೆ ಅದು ಊರಿಗೊಂದು ಉದ್ದವಾಯಿತು. ಟೆಕ್ಸಾಸಿನಲ್ಲಿ ಹಳೆಯ ಜಮೀನಿನ ಕಾಗದಗಳೆಲ್ಲ ವಾರಾದಲ್ಲೇ ಇದ್ದದ್ದರಿಂದ, 1919ರಲ್ಲೂ ಅದು 33⅓ ಅಂಗುಲವೆಂದು ಕಾನೂನು ಮಾಡಬೇಕಾಯಿತು.

ಹೊಲಕ್ಕೆ ಇಂಥ ಕಟ್ಟುನಿಟ್ಟು ಬೇಕು. ನಮ್ಮಲ್ಲೂ ಮೋಜಣಿಯವರು 33 ಅಡಿ ಸರಪಳಿ ಎಳೆದರು. ಆ ಉದ್ದದ ಚೌಕವೇ ಗುಂಟೆ, 121 ಚದರ ವಾರ. ಅಂಥ 40 ಸೇರಿದರೆ ಎಕರೆ. ಬದುವಿನ ಜಗಳಕ್ಕೆ ಮೊಣಕೈ ಸಾಕ್ಷಿ ಹೇಳಲಾರದು.

ಸೀರೆಯ ಮಾತು ಬೇರೆ. ಎತ್ತರದವಳ ಮೊಳ ದೊಡ್ಡದು, ಅವಳಿಗೆ ಬೇಕಾದ ಸೀರೆಯೂ ಉದ್ದ. ಉಡುವವಳೇ ಅಳತೆಗೋಲು! ದರ್ಜಿಯ ಟೇಪಿಗಿಂತ ಇದು ಜಾಣ ಲೆಕ್ಕವೆಂದು ನಾನು ಈಗಲೂ ವಾದಿಸುತ್ತೇನೆ. ಹೂವಾಡಗಿತ್ತಿಯ ಮೊಳ ಮಾತ್ರ ಈ ಮಾತಿಗೆ ಹೊರತು. ಅದು ಅವಳ ಕೈ, ನಮ್ಮ ದುಡ್ಡು.

ಅಜ್ಜಿಯ ಸೀರೆಗೆ ಮರಳೋಣ. ನಾನೊಂದು ದಿನ ಟೇಪು ಹಿಡಿದು ನೋಡಿದೆ, ಅವಳ ಮೊಳ ಸರಿಯಾಗಿ 18 ಅಂಗುಲ. ಹದಿನೇಳೂವರೆ ಮೊಳವನ್ನು ಗುಣಿಸಿದರೆ ಹೆಚ್ಚುಕಮ್ಮಿ 8 ಮೀಟರ್! 1956ರ ಕಾನೂನಿನಿಂದ ಮೀಟರ್ ಬಂದ ಮೇಲೆ ಬಾಯಲ್ಲಿ ಒಂಬತ್ತು ವಾರವೇ ಉಳಿದಿತ್ತು, ಕತ್ತರಿ ಎಂಟಕ್ಕೆ ಬಿದ್ದಿತ್ತು.

ಒಂಬತ್ತು ವಾರವೆಂದರೆ 8 ಮೀಟರ್ 23 ಸೆಂಟಿಮೀಟರ್. ಸೀರೆ ಕೊಳ್ಳುವ ಮುಂಚೆ ಆ 23 ಸೆಂಟಿಮೀಟರನ್ನು ಕೇಳಿ ಪಡೆಯಿರಿ.