ಕತ್ತಲಾದಾಗ ಈ ಬೋರ್ಡು ಏನು ಮಾಡುತ್ತದೆ?

ಬೆಂಗಳೂರಿನ ಯಶವಂತಪುರದ ಮೆಟ್ರೊ ನಿಲ್ದಾಣದಿಂದ ರೈಲು ಹೊರಟಾಗ ಮೂರನೇ ಹಳಿಯ 750 ವೋಲ್ಟ್ ಡಿಸಿ ಕರೆಂಟು ಬೋಗಿಯ ಇನ್ವರ್ಟರಿನಲ್ಲಿ ಎಸಿಯಾಗಿ ಮೋಟಾರನ್ನು ತಿರುಗಿಸುತ್ತದೆ. ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) 1911ರಿಂದ ಎಲೆಕ್ಟ್ರಿಕಲ್ ಪಾಠ ನಡೆದಿದೆ. ಸಿ.ವಿ. ರಾಮನ್ ರಸ್ತೆಯಲ್ಲಿ 1960ರಲ್ಲಿ ಹುಟ್ಟಿದ ವಿದ್ಯುತ್ ಸಂಶೋಧನಾ ಸಂಸ್ಥೆ ಸಿಪಿಆರ್‌ಐ ಇದೆ, ಆಚೆಗೆ ಪೀಣ್ಯ ಕೈಗಾರಿಕಾ ಪ್ರದೇಶ. ಇಂಥ ಕಡೆ ಇನ್ವರ್ಟರ್ ಕಟ್ಟಲು ಕಲಿಯುವವರಿಗೆ ಬೇಗನೆ ಎದುರಾಗುವ ಕೆಲಸವೊಂದಿದೆ: ಕಂಟ್ರೋಲರಿಗೂ ಐಜಿಬಿಟಿ ಸ್ವಿಚ್ಚಿನ ಗೇಟ್ ಡ್ರೈವರಿಗೂ ನಡುವೆ ಆಪ್ಟಿಕಲ್ ಫೈಬರಿನ ಇಂಟರ್‌ಫೇಸ್ ಬೋರ್ಡು ಕೂರಿಸುವುದು.

ಫೈಬರ್ ಯಾಕೆ ಎಂದು ಕೇಳಿದರೆ ಎಲ್ಲರೂ ನಾಯ್ಸ್ ಎನ್ನುತ್ತಾರೆ. ನಿಜವೇ. ನೂರಾರು ವೋಲ್ಟು ಮೈಕ್ರೊಸೆಕೆಂಡಿನೊಳಗೆ ಏರಿಳಿಯುವ ಜಾಗದಲ್ಲಿ ತಾಮ್ರದ ತಂತಿ ಸುಳ್ಳು ಪಲ್ಸುಗಳನ್ನು ಹೊತ್ತು ತರುತ್ತದೆ. ಎಚ್‌ಎಫ್‌ಬಿಆರ್-1521 ಟ್ರಾನ್ಸ್‌ಮಿಟರ್ ಮತ್ತು 2521 ರಿಸೀವರಿನ ಬೂದು-ನೀಲಿ ಜೋಡಿ, 1 ಮಿಲಿಮೀಟರ್ ಪ್ಲಾಸ್ಟಿಕ್ ಫೈಬರು, ಕೆಂಪು ಬೆಳಕು: ಇಷ್ಟು ಸಾಕು. ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್ ತಡ, ಮೇಲಿನ, ಕೆಳಗಿನ ಸ್ವಿಚ್ಚುಗಳೆರಡೂ ಆಫ್ ಇರುವ ಎರಡು-ಮೂರು ಮೈಕ್ರೊಸೆಕೆಂಡಿನ ಡೆಡ್ ಟೈಮಿನ ಮುಂದೆ ಲೆಕ್ಕಕ್ಕೇ ಇಲ್ಲ. ಒಂದೆರಡು ಮೀಟರಿಗೆ ಗಾಜಿನ ಫೈಬರ್ ತರಿಸುವುದು ದುಂದು.

ಆದರೆ ಬೋರ್ಡಿನ ಗುಣ ನಿಂತಿರುವುದು ನಾಯ್ಸಿನ ಮೇಲಲ್ಲ, ಕತ್ತಲಿನ ಮೇಲೆ. ನೀಲಿ ರಿಸೀವರಿಗೆ ಬೆಳಕು ಬಿದ್ದರೆ ಔಟ್‌ಪುಟ್ ಕೆಳಗಿಳಿಯುತ್ತದೆ, ಕತ್ತಲಾದರೆ ಮೇಲಿರುತ್ತದೆ. ಇದನ್ನು ತಿರುಗಿಸದೆ ನೇರ ಗೇಟ್ ಡ್ರೈವರಿಗೆ ಕೊಟ್ಟರೆ, ಫೈಬರ್ ಕಳಚಿದ ಕೂಡಲೇ ಐಜಿಬಿಟಿ ಆನ್ ಆಗುತ್ತದೆ. ಕಳಿಸುವ ತುದಿಯಲ್ಲಿ ಇನ್ನೊಂದು ಬಲೆ. ಕಂಟ್ರೋಲರಾಗಿ ಬಳಸುವ ಅನೇಕ ಎಫ್‌ಪಿಜಿಎಗಳ ಪಿನ್ನುಗಳು ಪ್ರೋಗ್ರಾಮ್ ಲೋಡ್ ಆಗುವವರೆಗೆ ದುರ್ಬಲ ಪುಲ್-ಅಪ್‌ನಲ್ಲಿರುತ್ತವೆ. ಪಿನ್ ಮೇಲೇರಿದರೆ ಎಲ್‌ಇಡಿ ಹೊತ್ತುವಂತೆ ಬೋರ್ಡು ಮಾಡಿದ್ದರೆ, ಸ್ವಿಚ್ ಹಾಕಿದ ಗಳಿಗೆಯಲ್ಲಿ ಎಲ್ಲ ಎಲ್‌ಇಡಿಗಳೂ ಹೊತ್ತಿಕೊಳ್ಳಬಹುದು. ಅಂದರೆ ಒಂದೇ ಲೆಗ್ಗಿನ ಮೇಲಿನ, ಕೆಳಗಿನ ಸ್ವಿಚ್ಚುಗಳೆರಡೂ ಆನ್. ಲೋಡ್ ಆಗಲು ಹಿಡಿಯುವುದು ಮಿಲಿಸೆಕೆಂಡುಗಳು, ಶಾರ್ಟ್ ಸರ್ಕ್ಯೂಟನ್ನು ಐಜಿಬಿಟಿ ತಾಳುವುದು ಸಾಮಾನ್ಯವಾಗಿ 10 ಮೈಕ್ರೊಸೆಕೆಂಡಿನ ಆಸುಪಾಸು. ಡೆಡ್ ಟೈಮನ್ನು ಸಾಫ್ಟ್‌ವೇರಿನಲ್ಲಿ ಎಷ್ಟು ಜಾಣತನದಿಂದ ಬರೆದಿದ್ದರೂ ಆಗ ಆ ಸಾಫ್ಟ್‌ವೇರ್ ಎದ್ದಿರುವುದೇ ಇಲ್ಲ. ಎಲ್‌ಇಡಿ ಡ್ರೈವರಿನ ಇನ್‌ಪುಟ್ಟಿಗೆ ಗಟ್ಟಿಯಾದ ಪುಲ್-ಡೌನ್ ರೆಸಿಸ್ಟರ್, ಎರಡು ಸ್ವಿಚ್ಚುಗಳ ನಡುವೆ ಹಾರ್ಡ್‌ವೇರ್ ಇಂಟರ್‌ಲಾಕ್: ಇವೆರಡಕ್ಕೆ ತಗಲುವುದು ಪುಡಿಗಾಸು. ಇವಿಲ್ಲದ ಬೋರ್ಡನ್ನು, ಅದರ ವೇವ್‌ಫಾರ್ಮ್ ಎಷ್ಟು ಚೆಂದವಿದ್ದರೂ, ನಾನು ಒಪ್ಪಲಾರೆ.

ಹಿಂತಿರುಗಿ ಬರುವ ಫಾಲ್ಟ್ ಸಿಗ್ನಲ್ಲಿಗೂ ಇದೇ ನ್ಯಾಯ. ಬೆಳಕಿದ್ದರೆ ಎಲ್ಲ ಸರಿ, ಕತ್ತಲಾದರೆ ಫಾಲ್ಟ್ ಎಂದಿರಬೇಕು. ತಿರುಗುಮುರುಗು ಮಾಡಿದರೆ ತುಂಡಾದ ಫೈಬರು ಡ್ರೈವರ್ ಕ್ಷೇಮವೆಂದೇ ವರದಿ ಮಾಡುತ್ತಿರುತ್ತದೆ.

ಗೇಟ್ ಡ್ರೈವರಿಗೆ ಪವರ್ ಬರುವುದು ಇನ್ನೂ ತಾಮ್ರದಲ್ಲೇ ಎಂಬುದನ್ನೂ ಮರೆಯುವಂತಿಲ್ಲ. ಅದರ ಟ್ರಾನ್ಸ್‌ಫಾರ್ಮರಿನ ಸುರುಳಿಗಳ ನಡುವೆ ಕೆಪಾಸಿಟೆನ್ಸ್ ಹೆಚ್ಚಿದ್ದರೆ ನಾಯ್ಸ್ ಆ ದಾರಿಯಲ್ಲೇ ನುಗ್ಗುತ್ತದೆ. ಫೈಬರಿಗೆ ದುಡ್ಡು ಸುರಿದು ಅಗ್ಗದ ಸಪ್ಲೈ ಹಾಕುವುದು ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ.

ಫೈಬರಿನ ತುದಿಯನ್ನು 600 ಗ್ರಿಟ್ ಕಾಗದದಲ್ಲಿ ಉಜ್ಜಿ, ಆಮೇಲೆ ನಯವಾದ ಫಿಲ್ಮಿನಲ್ಲಿ ಹೊಳಪು ಕೊಡುವ ಕೈಕೆಲಸವನ್ನು ಲ್ಯಾಬುಗಳು ಚೆನ್ನಾಗಿಯೇ ಕಲಿಸುತ್ತವೆ. ಡಿಸಿ ಬಸ್ ಖಾಲಿಯಿರುವಾಗಲೇ ಕಂಟ್ರೋಲರಿನ ಸಪ್ಲೈಯನ್ನು ಆಫ್-ಆನ್ ಮಾಡಿ, ಫೈಬರುಗಳನ್ನು ಒಂದೊಂದಾಗಿ ಕಿತ್ತು, ಪ್ರತಿ ಗೇಟನ್ನೂ ಸ್ಕೋಪಿನಲ್ಲಿ ನೋಡುವುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಕಲಿಸಬೇಕು. ಪ್ರಾಜೆಕ್ಟ್ ವರದಿಯಲ್ಲಿ ಸೈನ್ ಅಲೆಯ ಚಿತ್ರಕ್ಕಿಂತ ಮೊದಲು ಆ ಗೇಟುಗಳ ಸ್ಕೋಪ್ ಚಿತ್ರಗಳು ಬರಲಿ.