ಕಂಸಾಳೆ ಕೇಳುತ್ತದೆ, ದನಿ ಕೇಳುತ್ತಿಲ್ಲ

ಗುಂಡ್ಲುಪೇಟೆ ಬಿಟ್ಟು ತೆರಕಣಾಂಬಿ ದಾರಿ ಹಿಡಿದಿದ್ದೆ. ಕಾರಿನಲ್ಲಿ ಮಲೆ ಮಾದಪ್ಪನ ಕಥೆ. ಕಂಸಾಳೆಯ ಸದ್ದು ಚೆನ್ನಾಗಿಯೇ ಬರುತ್ತಿದೆ, ಹಾಡುವವರ ದನಿ ಮಾತ್ರ ಬಾವಿಯ ತಳದಿಂದ ಬಂದ ಹಾಗೆ. ಫೋನಿಗೆ ಚಾರ್ಜರ್ ಚುಚ್ಚಿದೆ. ದನಿ ಎದ್ದು ಬಂತು. ಬೆನ್ನಿಗೇ ‘ಕುಂಯ್’ ಎಂಬ ಸಿಳ್ಳು. ಆಕ್ಸಿಲರೇಟರ್ ಒತ್ತಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ.

ಚಾಮರಾಜನಗರದಲ್ಲಿ ಕಾರಿನ ವೈರಿಂಗ್ ಕೆಲಸದವರೊಬ್ಬರಿಗೆ ತೋರಿಸಿದೆ. ಅವರು ಸ್ಪೀಕರ್ ಮುಟ್ಟಲೇ ಇಲ್ಲ. ಫೋನನ್ನು ಸ್ಟೀರಿಯೊಗೆ ಜೋಡಿಸಿದ್ದ ಆಕ್ಸ್ ಕೇಬಲಿನ ಬುಡ ಅಲ್ಲಾಡಿಸಿ, “ಅರ್ಥ್ ಬುಟ್ಟೋಗದ ಸಾ, ಸ್ಪೀಕರ್ ಚೆನ್ನಾಗದ” ಎಂದರು.

ಎರಡೂ ತೊಂದರೆಗಳ ಮೂಲ ಆ ಮಾತಿನಲ್ಲೇ ಇತ್ತು. ಆಕ್ಸ್ ಪಿನ್ನಿನ ದಪ್ಪ 3.5 ಮಿಲಿಮೀಟರ್. ಅದರ ತುದಿ ಎಡದ ಸದ್ದಿಗೆ, ನಡುವಿನ ಉಂಗುರ ಬಲದ್ದಕ್ಕೆ, ಬುಡ ಎರಡಕ್ಕೂ ಸೇರಿದ ಅರ್ಥ್. ಗೇರಿನ ಪಕ್ಕದಲ್ಲಿ ದಿನವೂ ಮಡಚಿಕೊಳ್ಳುವ ಕೇಬಲಿನಲ್ಲಿ ಆ ಅರ್ಥ್ ತಂತಿ ಕಡಿದರೆ, ಎಡಬಲಗಳಲ್ಲಿ ಒಂದೇ ಸಮನಾಗಿರುವ ಸದ್ದು ಅಳಿಸಿಹೋಗಿ ವ್ಯತ್ಯಾಸವಷ್ಟೇ ಉಳಿಯುತ್ತದೆ. ಧ್ವನಿಮುದ್ರಣದಲ್ಲಿ ಗಾಯಕರ ದನಿಯನ್ನು ನಡುವೆ ಕೂರಿಸುವುದು ರೂಢಿ. ಮೊದಲು ಕಾಣೆಯಾಗುವುದು ಅದೇ. ಹಳೆಯ ಮೋನೊ ಮುದ್ರಣವಾದರಂತೂ ಬಹುಮಟ್ಟಿಗೆ ಮೌನವೇ. ನಾನು ಚಾರ್ಜರ್ ಚುಚ್ಚಿದಾಗ ಕಾರಿನ ಬಾಡಿಯ ಮೂಲಕ ಅರ್ಥಿಗೆ ಬಳಸುದಾರಿ ಸಿಕ್ಕಿತು, ದನಿ ಮರಳಿತು. ಆಲ್ಟರ್ನೇಟರಿನ ಗದ್ದಲವೂ ಅದೇ ದಾರಿಯಲ್ಲಿ ಒಳಗೆ ಬಂತು.

ಹೊಸ ಕೇಬಲ್ ಹಾಕಿದೆ, ದನಿ ಸರಿಹೋಯಿತು. ಆದರೆ ಚಾರ್ಜರ್ ಇದ್ದಾಗಲೆಲ್ಲ ಸಣ್ಣ ಸಿಳ್ಳು ಉಳಿಯಿತು. ಫೋನಿಗೆ ಚಾರ್ಜರ್ ಕಡೆಯಿಂದೊಂದು, ಸ್ಟೀರಿಯೊ ಕಡೆಯಿಂದೊಂದು, ಹೀಗೆ ಎರಡು ಅರ್ಥ್ ಸೇರಿ ಸುತ್ತು ಬಿದ್ದಿರುತ್ತದೆ. ಇದನ್ನು ಬಿಡಿಸಲು ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ. ಅದರೊಳಗೆ ಎರಡು ಸಣ್ಣ ಟ್ರಾನ್ಸ್‌ಫಾರ್ಮರುಗಳು. ತಂತಿಗೆ ತಂತಿ ಸೋಕದೆ, ಕಾಂತಶಕ್ತಿಯಿಂದಲೇ ಸದ್ದು ಆಚೆ ದಾಟುತ್ತದೆ. ಸಿಳ್ಳು ನಿಲ್ಲುವುದು ನಿಜ. ಆದರೆ ಅಗ್ಗದ ಡಬ್ಬಿಗಳಲ್ಲಿ ಮಂದ್ರ ಸೊರಗುತ್ತದೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕಥೆಯಲ್ಲಿ ತಂಬೂರಿಯ ಝೇಂಕಾರ ತೆಳುವಾದರೆ ಆ ಹಾಡಿಗೆ ನೆಲವೇ ಇರುವುದಿಲ್ಲ. ನಾನದನ್ನು ಒಪ್ಪಲಾರೆ. ಮನೆಯಲ್ಲೇ ಫೋನು ಚಾರ್ಜ್ ಮಾಡಿಕೊಂಡು ಹೊರಡುತ್ತೇನೆ.

ಇನ್ನೊಂದು: ಫೋನಿನ ವಾಲ್ಯೂಮನ್ನು ಮುಕ್ಕಾಲಿನಿಂದ ಮೇಲಿಟ್ಟು ಸ್ಟೀರಿಯೊದ್ದನ್ನು ಇಳಿಸಿ. ಫೋನಿನದು ತಗ್ಗಿದ್ದು ಸ್ಟೀರಿಯೊದ್ದು ಏರಿದರೆ ಹಾಡಿನ ಜೊತೆ ಗದ್ದಲವೂ ದೊಡ್ಡದಾಗುತ್ತದೆ.

ಸೆಟ್ ಕೆಟ್ಟಿತೆಂದು ಹೊಸದಕ್ಕೆ ದುಡ್ಡು ಕಟ್ಟುವ ಮುನ್ನ ಚಾರ್ಜರ್ ಕಿತ್ತಿಡಿ, ಕೇಬಲ್ ಬದಲಿಸಿ, ಚೆನ್ನಾಗಿ ಗೊತ್ತಿರುವ ಒಂದು ಹಾಡನ್ನು ಪೂರ್ತಿ ಕೇಳಿ ನೋಡಿ.