ಟೊಂಕನೋವಿನ ವ್ಯಾಯಾಮ ಚಿಕಿತ್ಸೆ ಮತ್ತು ಗುಣದ ಅಳತೆಗೋಲು

ಬೆನ್ನಿನ ಕೆಳಭಾಗದ ನೋವಿಗೆ, ಗದಗ ಸೀಮೆಯ ಮಾತಿನಲ್ಲಿ ಟೊಂಕನೋವಿಗೆ, ಇಂದು ಹೆಚ್ಚಾಗಿ ಸೂಚಿಸಲಾಗುತ್ತಿರುವ ಫಿಜಿಯೋಥೆರಪಿಯು ವ್ಯಾಯಾಮ, ಕಾವು ಮತ್ತು ಭಂಗಿಯ ತಿದ್ದುಪಡಿಗಳಿಂದ ದೇಹದ ಚಲನೆಯನ್ನು ಮರಳಿಸುವ ಚಿಕಿತ್ಸಾಕ್ರಮವಾಗಿದೆ. ಇದರ ತಿರುಳು ಸರಿಯಾದುದೇ. ಆದರೆ ಚೇತರಿಕೆ ನಿಧಾನವಾದಾಗ ರೋಗಿಯನ್ನು ಮುನ್ನಡೆಸುವ ವಿಷಯದಲ್ಲಿ ಇದರ ಬಳಕೆ ಸಡಿಲವಾಗಿದ್ದು, ಗುಣವನ್ನು ಅಳೆಯಲು ಅದು ನೆಚ್ಚಿಕೊಂಡಿರುವ ಮಾನದಂಡವೇ ಆ ಸಡಿಲಿಕೆಗೆ ಮುಖ್ಯ ಕಾರಣವಾಗಿದೆ.

ಹಾಸಿಗೆ ಹಿಡಿದು ಮಲಗುವುದೇ ಮದ್ದೆಂಬ ಹಳೆಯ ನಂಬಿಕೆಯನ್ನು ಈ ಕ್ರಮ ಬದಿಗಿಟ್ಟದ್ದು ದೊಡ್ಡ ಸಾಧನೆಯೇ ಸರಿ. 1986ರಲ್ಲಿ ಅಮೆರಿಕದಲ್ಲಿ ರಿಚರ್ಡ್ ಡೇಯೊ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, 7 ದಿನಗಳ ವಿಶ್ರಾಂತಿ ಸೂಚಿಸಲ್ಪಟ್ಟವರಿಗಿಂತ 2 ದಿನಗಳ ವಿಶ್ರಾಂತಿ ಸೂಚಿಸಲ್ಪಟ್ಟವರು ಕೆಲಸದ ದಿನಗಳನ್ನು ಕಡಿಮೆ ಕಳೆದುಕೊಂಡರಲ್ಲದೆ, ಉಳಿದ ಫಲಿತಾಂಶಗಳಲ್ಲಿ ಹಿಂದೆ ಬೀಳಲಿಲ್ಲ. ಮೂರು ತಿಂಗಳಿಗೂ ಮೀರಿ ಉಳಿಯುವ ದೀರ್ಘಕಾಲಿಕ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯೂ ತಿಳಿವಳಿಕೆ ಮತ್ತು ವ್ಯಾಯಾಮವನ್ನು ಎತ್ತಿಹಿಡಿದು, ಸೊಂಟದ ಬೆಲ್ಟನ್ನೂ ಬೆನ್ನನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್ನನ್ನೂ ವಾಡಿಕೆಯ ಚಿಕಿತ್ಸೆಯಾಗಿ ಬಳಸಬಾರದೆಂದು ಹೇಳಿದೆ.

ಆದರೂ ವ್ಯಾಯಾಮದಿಂದ ದೊರೆಯುವ ಲಾಭ ಮಿತವಾದದ್ದು. 249 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2021ರ ಕಾಕ್ರೇನ್ ಪರಾಮರ್ಶೆಯ ಪ್ರಕಾರ, ಚಿಕಿತ್ಸೆಯಿಲ್ಲದವರಿಗೆ ಅಥವಾ ವಾಡಿಕೆಯ ಆರೈಕೆ ಪಡೆದವರಿಗೆ ಹೋಲಿಸಿದಾಗ ನೂರು ಅಂಕಗಳ ಅಳತೆಯಲ್ಲಿ ನೋವು ಸುಮಾರು 15 ಅಂಕಗಳಷ್ಟು ತಗ್ಗಿದರೆ, ದೈನಂದಿನ ಚಟುವಟಿಕೆಯ ಅಡಚಣೆ ಸುಮಾರು 7 ಅಂಕಗಳಷ್ಟು ಮಾತ್ರ ತಗ್ಗಿದೆ. ನೋವು ಇಳಿದ ಮಾತ್ರಕ್ಕೆ ಕೆಲಸದ ಕಸುವು ತಾನಾಗಿ ಮರಳುವುದಿಲ್ಲವೆಂದು ಇದರಿಂದ ಊಹಿಸಬಹುದು. ಈ ಸಂಗತಿಯನ್ನು ಮೊದಲ ದಿನವೇ ತಿಳಿಸದಿದ್ದರೆ, ಕೆಲವು ವಾರಗಳ ನಂತರ ನೋವು ಮರುಕಳಿಸಿದಾಗ ರೋಗಿಯು ಅದನ್ನು ಚಿಕಿತ್ಸೆಯ ಸೋಲೆಂದೋ ಹೊಸ ಪೆಟ್ಟೆಂದೋ ಭಾವಿಸಿ ವ್ಯಾಯಾಮವನ್ನೇ ಕೈಬಿಡುತ್ತಾನೆ. ನೋವಿಗೆ ಅಂಜಿ ಚಲನೆಯನ್ನು ತಪ್ಪಿಸುವುದು, ತಪ್ಪಿಸಿದ್ದರಿಂದ ದೇಹ ಇನ್ನಷ್ಟು ಸೊರಗುವುದು, ಸೊರಗಿದ್ದರಿಂದ ಅಂಜಿಕೆ ಹೆಚ್ಚುವುದು ಎಂಬ ಈ ಸುತ್ತನ್ನು 2000ದಲ್ಲಿ ಯೋಹಾನ್ ವ್ಲಾಯೆನ್ ಮತ್ತು ಸ್ಟೀವನ್ ಲಿಂಟನ್ ವಿವರವಾಗಿ ನಿರೂಪಿಸಿದ್ದಾರೆ.

ಕರ್ನಾಟಕದಲ್ಲಿಯೇ ನಡೆದ ಒಂದು ಪ್ರಯೋಗ ಇಲ್ಲಿ ಗಮನಾರ್ಹವಾಗಿದೆ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು 80 ರೋಗಿಗಳನ್ನು ಎರಡು ಗುಂಪುಗಳಾಗಿಸಿ, 7 ದಿನ ಕೇಂದ್ರದಲ್ಲೇ ಇರಿಸಿಕೊಂಡು ನಡೆಸಿದ ಅಧ್ಯಯನವು 2008ರಲ್ಲಿ ಪ್ರಕಟವಾಯಿತು. ದೈಹಿಕ ವ್ಯಾಯಾಮ ಮಾಡಿದವರಿಗಿಂತ ಯೋಗಾಭ್ಯಾಸ ಮಾಡಿದವರಲ್ಲಿ ಹೆಚ್ಚಿನ ಸುಧಾರಣೆ ಕಂಡುಬಂತು. ಶಿಸ್ತಿನಿಂದ ನಡೆದ ಈ ಅಧ್ಯಯನವು ಬಿಗಿದ ಬೆನ್ನು ವಾರದೊಳಗೆ ಹಗುರಾಗಬಲ್ಲದೆಂದು ತೋರಿಸಿದರೂ, ಮನೆ ಹಾಗೂ ದುಡಿಮೆಗೆ ಮರಳಿದ ಮೇಲೆ ಆ ಹಗುರ ಎಷ್ಟು ಕಾಲ ಉಳಿದೀತೆಂಬ ಪ್ರಶ್ನೆಗೆ 7 ದಿನಗಳ ಅಳತೆಯಲ್ಲಿ ಉತ್ತರ ಸಿಗುವುದಿಲ್ಲ.

ಆ ಅಧ್ಯಯನದಲ್ಲಿ ಗುಣವನ್ನು ಅಳೆಯಲು ಬಳಸಲಾದ, ಜಗತ್ತಿನಾದ್ಯಂತ ರೂಢಿಯಲ್ಲಿರುವ ಆಸ್‌ವೆಸ್ಟ್ರಿ ಪ್ರಶ್ನಾವಳಿಗೂ ಮಿತಿಗಳಿವೆ. ಇಂಗ್ಲೆಂಡಿನಲ್ಲಿ ರೂಪುಗೊಂಡು 1980ರಲ್ಲಿ ಪ್ರಕಟವಾದ ಈ ಪ್ರಶ್ನಾವಳಿಯ ಹತ್ತು ವಿಭಾಗಗಳು ನಡಿಗೆ, ನಿದ್ರೆ, ಪ್ರಯಾಣ ಮುಂತಾದವನ್ನು ವಿಚಾರಿಸುತ್ತವೆಯಾದರೂ, ಕೂಡುವ ಪ್ರಶ್ನೆ ಬಂದಾಗ ಕುರ್ಚಿಯನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಗದಗದ ಬಗಲಿನ ಕಳಸಾಪುರದಂಥ ಊರುಗಳ ಹೊಲಗಳಲ್ಲಿ ಕುಕ್ಕರಗಾಲಲ್ಲಿ ಕೂತು ಕಸ ತೆಗೆಯುವ, ದಿನವಿಡೀ ಬಾಗಿ ಮೆಣಸಿನಕಾಯಿ ಬಿಡಿಸುವ ಹೆಂಗಸರ ಬೆನ್ನಾಗಲಿ, ಬೆಟಗೇರಿಯಲ್ಲಿ ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗ ನೇಯುವವರ ಬೆನ್ನಾಗಲಿ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಹೀಗಾಗಿ ಕಾಗದದ ಮೇಲೆ ಅಂಕ ಸುಧಾರಿಸಿದವಳು ಹೊಲದಲ್ಲಿ ಅರ್ಧ ದಿನದ ಕೂಲಿಯನ್ನೂ ಪೂರೈಸಲಾಗದೆ ಉಳಿಯಬಹುದು. ಅದೇ ರೀತಿ ನೋವಿದ್ದೂ ಹೋದ ತಿಂಗಳಿಗಿಂತ ಹೆಚ್ಚು ಕೆಲಸ ಮಾಡಬಲ್ಲವಳ ಪ್ರಗತಿ ಯಾರ ಕಣ್ಣಿಗೂ ಬೀಳದೆ ಹೋಗಬಹುದು.

ಈ ಕೊರತೆಯನ್ನು ನೀಗುವ ಸಾಧನ ಚಿಕಿತ್ಸಾ ಪರಂಪರೆಯಲ್ಲಿಯೇ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ 1976ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ ಕ್ರಮದಲ್ಲಿ, ರೋಗಿಯು ನೋವು ಬಂದಾಗ ನಿಲ್ಲಿಸುವ ಬದಲು ಮೊದಲೇ ಗೊತ್ತುಪಡಿಸಿದ ಪ್ರಮಾಣ ಮುಗಿದಾಗ ನಿಲ್ಲಿಸುತ್ತಾನೆ ಮತ್ತು ಆ ಪ್ರಮಾಣವನ್ನು ಹಂತಹಂತವಾಗಿ ಏರಿಸುತ್ತಾನೆ. ಹಗುರೆನಿಸಿದ ದಿನ ಮಿತಿಮೀರಿ ದುಡಿದು ಮರುದಿನ ಮಲಗುವ ರೂಢಿಯನ್ನು ಇದು ತಪ್ಪಿಸುತ್ತದೆ. ಮೆಣಸಿನಕಾಯಿ ಹೊಲದ ಸಾಲುಗಳನ್ನೇ ಇಂಥ ಪ್ರಮಾಣವಾಗಿ ಇಟ್ಟುಕೊಂಡು, ಇಷ್ಟು ಸಾಲಿಗೊಮ್ಮೆ ಎದ್ದು ಬೆನ್ನನ್ನು ಹಿಂದಕ್ಕೆ ಚಾಚಿ ಮತ್ತೆ ಕೂಡಬೇಕೆಂದು ನಿಗದಿ ಮಾಡಿದರೆ, ಪ್ರಗತಿಯನ್ನು ರೋಗಿ ತಾನೇ ಎಣಿಸಬಹುದು. ಆದರೆ ದಿನಗೂಲಿಯ ಗುಂಪಿನಲ್ಲಿ ಒಬ್ಬಳು ಹಿಂದೆ ಬಿದ್ದರೆ ಸಂಬಳಕ್ಕೆ ಸಂಚಕಾರ ಬರುವುದರಿಂದ, ಹೊಲದ ಒಡೆಯ ಮತ್ತು ಮನೆಯವರ ಒಪ್ಪಿಗೆಯಿಲ್ಲದೆ ಈ ಕ್ರಮ ನಡೆಯದು. ಈ ಆರ್ಥಿಕ ತೊಡಕನ್ನು ಲೆಕ್ಕಿಸದೆ ರೋಗಿಯ ಸೋಮಾರಿತನವನ್ನು ದೂರುವುದು ಅನ್ಯಾಯವಾಗುತ್ತದೆ.

ತಾಳ್ಮೆಯ ಉಪದೇಶಕ್ಕೂ ಒಂದು ಗಡಿಯಿದೆ. ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿನ ಸುತ್ತ ಜೋಮು ಹಿಡಿಯುವುದು, ಕಾಲಿನ ಬಲ ಕುಂದುತ್ತ ಹೋಗುವುದು, ಜ್ವರ ಅಥವಾ ಕಾರಣವಿಲ್ಲದ ತೂಕನಷ್ಟ ಇವುಗಳಲ್ಲಿ ಯಾವುದೊಂದು ಕಂಡರೂ ಅದನ್ನು ನಿಧಾನಗತಿಯ ಚೇತರಿಕೆಯೆಂದು ಬಗೆಯದೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಒಟ್ಟಿನಲ್ಲಿ ವ್ಯಾಯಾಮ ಚಿಕಿತ್ಸೆಯು ಟೊಂಕನೋವಿಗೆ ಒಪ್ಪತಕ್ಕ ಮಾರ್ಗವೇ ಆಗಿದೆ. ಆದರೆ ಚಿತ್ರಗಳಿರುವ ಹಾಳೆಯೊಂದನ್ನು ಕೈಗಿತ್ತು ಕಳಿಸುವ ಮಟ್ಟಿಗೆ ಅದು ಇಳಿದಾಗ ಅರ್ಧ ಚಿಕಿತ್ಸೆಯಾಗಿಯೇ ಉಳಿಯುತ್ತದೆ. ಸುಧಾರಣೆಗೆ ತಗಲುವ ಕಾಲವನ್ನು ಮೊದಲೇ ತಿಳಿಸಿ, ರೋಗಿಯ ಸ್ವಂತ ದುಡಿಮೆಯನ್ನೇ ಅಳತೆಗೋಲಾಗಿಸಿಕೊಂಡಾಗಲೇ ಅದು ಪೂರ್ಣವಾಗುತ್ತದೆ.